‘ಖಿನ್ನ’ ಎಂಬ ಪದದ ಒಳಗೆ

‘ಖಿನ್ನತೆ’ ಎಂಬ ಶಬ್ದವು ಇಂದು ಒಂದು ರೋಗದ ಹೆಸರಾಗಿ ಕನ್ನಡದಲ್ಲಿ ನೆಲೆಗೊಂಡಿದೆ. ಅದಕ್ಕೆ ಮೂಲವಾದ ‘ಖಿನ್ನ’ ಎಂಬ ವಿಶೇಷಣವಾದರೋ ಬಹು ಹಳೆಯದು. ಅದರ ಹುಟ್ಟನ್ನು ಅರಿತರೆ ರೋಗವನ್ನು ಗುರುತಿಸುವುದಕ್ಕೂ ಕೊಂಚ ನೆರವಾದೀತು.

ಸಂಸ್ಕೃತದ ‘ಖಿದ್’ ಧಾತುವಿಗೆ ಧಾತುಪಾಠವು ದೈನ್ಯ ಮತ್ತು ಪರಿಘಾತ, ಎಂದರೆ ಪೆಟ್ಟು, ಎಂಬ ಅರ್ಥಗಳನ್ನು ಹೇಳುತ್ತದೆ. ‘ಭಿದ್’ನಿಂದ ‘ಭಿನ್ನ’, ‘ಛಿದ್’ನಿಂದ ‘ಛಿನ್ನ’ ಆದಂತೆಯೇ ‘ಖಿದ್’ನಿಂದ ‘ಖಿನ್ನ’. ಒಡೆದದ್ದು ಭಿನ್ನ, ಕಡಿದದ್ದು ಛಿನ್ನ, ಪೆಟ್ಟು ತಿಂದು ಕುಗ್ಗಿದ್ದು ಖಿನ್ನ. ‘ಖೇದ’ವೂ ಇದೇ ಮನೆತನದ್ದು. ವ್ಯಾಕರಣದ ಪ್ರಕಾರ ಇದು ಭೂತ ಕೃದಂತ. ಮನುಷ್ಯನಿಗೆ ಒದಗಿಬಂದ ಸ್ಥಿತಿಯನ್ನು ಹೇಳುವ ಮಾತು. “ಅವನದು ಹುಟ್ಟು ಅಳುಮೋರೆ” ಎಂದು ಮೂದಲಿಸುವವರು ಇದನ್ನು ಗಮನಿಸಬೇಕು.

ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಈ ಪದಕ್ಕೆ ‘ದಣಿದ’ ಎಂಬ ಅರ್ಥವೂ ಉಂಟು. ಕಾಳಿದಾಸನ ‘ಮೇಘದೂತ’ದಲ್ಲಿ ಯಕ್ಷನು ಮೋಡಕ್ಕೆ, ದಣಿದಾಗಲೆಲ್ಲ ಗಿರಿಶಿಖರಗಳ ಮೇಲೆ ಕಾಲೂರಿ ಮುಂದೆ ಸಾಗೆಂದು ಹೇಳುವಲ್ಲಿ ಬಳಸಿರುವುದು ಈ ಪದವನ್ನೇ. ‘ವಿಷಣ್ಣ’ವೂ ಹೀಗೆಯೇ ದೇಹದಿಂದ ಹೊರಟ ಪದ. ‘ಸದ್’ ಎಂದರೆ ಕುಳಿತುಕೊಳ್ಳು, ಕುಸಿ. ಗೀತೆಯ ಮೊದಲ ಅಧ್ಯಾಯದ ಕೊನೆಯಲ್ಲಿ ಅರ್ಜುನನು ಬಿಲ್ಲನ್ನು ಬಿಸುಟು ರಥದಲ್ಲಿ ಕುಳಿತುಬಿಡುವುದನ್ನು ನೆನೆದರೆ ‘ವಿಷಾದ’ವು ಕಣ್ಣಿಗೆ ಕಟ್ಟುತ್ತದೆ. ಅದೇ ಧಾತುವಿಗೆ ‘ಪ್ರ’ ಸೇರಿದರೆ ‘ಪ್ರಸನ್ನ’ವಾಗುವುದು ಭಾಷೆಯ ಚಮತ್ಕಾರ!

ಆಯಾಸಕ್ಕೂ ದುಗುಡಕ್ಕೂ ಪದದಲ್ಲಿರುವ ಈ ನಂಟು ವೈದ್ಯಶಾಸ್ತ್ರಕ್ಕೂ ಒಪ್ಪಿತವಾದುದೇ. ತೀರದ ದಣಿವು ಖಿನ್ನತೆಯ ಮುಖ್ಯ ಲಕ್ಷಣಗಳಲ್ಲೊಂದು. ಊರು ಬಿಟ್ಟು ಮುಂಬಯಿ, ದೆಹಲಿಗಳಲ್ಲಿ ನೆಲೆಸಿದ ನಮ್ಮವರಲ್ಲಿ ಅನೇಕರು ವೈದ್ಯರೆದುರು ಪರಭಾಷೆಯಲ್ಲಿ “ಸುಸ್ತು, ನಿದ್ದೆಯಿಲ್ಲ” ಎಂದಷ್ಟೇ ಹೇಳಿ, ಶಕ್ತಿಯ ಮಾತ್ರೆ ಬರೆಸಿಕೊಂಡು ಹಿಂದಿರುಗುತ್ತಾರೆ. ಮರಾಠಿ ಬಲ್ಲ ವೈದ್ಯರಿಗೆ ‘ಖಿನ್ನ’ ಎಂದರೆ ತಿಳಿದೀತು; ಹಿಂದಿಯಲ್ಲಿ ಮಾತ್ರ ಅದೇ ಪದಕ್ಕೆ ‘ಅಸಮಾಧಾನಗೊಂಡ’ ಎಂಬ ಛಾಯೆಯೂ ಇದೆ, ಜೋಕೆ.

ದುಗುಡವಾಗಲಿ, ಯಾವುದರಲ್ಲಿಯೂ ಆಸಕ್ತಿಯಿಲ್ಲದಿರುವುದಾಗಲಿ, ದಿನದ ಬಹುಪಾಲು, ಎರಡು ವಾರ ಬಿಡದೆ ಕಾಡಿ, ನಿದ್ದೆ ಹಸಿವೆಗಳೂ ಕೆಟ್ಟರೆ ಅದನ್ನು ವೈದ್ಯರಿಗೆ ಬಾಯಿಬಿಟ್ಟು ಹೇಳಬೇಕು. ರಕ್ತಹೀನತೆ, ಥೈರಾಯ್ಡಿನ ಕೊರತೆಗಳೂ ಇಂಥದೇ ದಣಿವು ತರುವುದರಿಂದ ಅವರು ರಕ್ತಪರೀಕ್ಷೆಯನ್ನೂ ಮಾಡಿಸಬಹುದು. ಆಪ್ತಸಲಹೆ, ಔಷಧಿ ಎರಡೂ ಗುಣ ಕೊಡುತ್ತವೆ. ಕನ್ನಡದಲ್ಲಿಯೇ ಹೇಳಿಕೊಳ್ಳಬೇಕೆನಿಸಿದರೆ, ಕೇಂದ್ರ ಸರ್ಕಾರವು 2022ರ ಅಕ್ಟೋಬರಿನಲ್ಲಿ ಆರಂಭಿಸಿದ ‘ಟೆಲಿ ಮಾನಸ್’ ಉಚಿತ ದೂರವಾಣಿ 14416ರಲ್ಲಿ ನಮ್ಮ ಭಾಷೆಗೂ ಏರ್ಪಾಡಿದೆ.