ಮರಿ ಓತಿ: ಗಂಡೋ ಹೆಣ್ಣೋ?

ಓತಿಕೇತನಿಗೆ ಬೇಲಿ ಸಾಕ್ಷಿ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಮಳೆಗಾಲ ಹತ್ತಿರವಾದಾಗ ಅದೇ ಬೇಲಿಯ ಗೂಟದ ಮೇಲೆ ಕುಳಿತು, ಕೆಂಪೇರಿದ ಕೊರಳನ್ನು ಉಬ್ಬಿಸಿ, ತಲೆಯನ್ನು ಮೇಲಕ್ಕೂ ಕೆಳಕ್ಕೂ ಆಡಿಸುವ ಓತಿಯನ್ನು ನಾವೆಲ್ಲರೂ ಕಂಡಿದ್ದೇವೆ. ಅದು ಗಂಡು. ಸಮೀಪದ ಪೊದೆಯಲ್ಲಿ ಮಣ್ಣಿನ ಬಣ್ಣ ತಳೆದು ಅಡಗಿರುವುದು ಹೆಣ್ಣು. ಇವೆರಡನ್ನು ಬೇರ್ಪಡಿಸಿ ಹೇಳಲು ಪ್ರಾಣಿಶಾಸ್ತ್ರದ ವ್ಯಾಸಂಗ ಬೇಕಾಗಿಲ್ಲ. ಆದರೆ ಮೊಟ್ಟೆಯೊಡೆದು ಆಗತಾನೆ ಹೊರಬಂದ ಎರಡು ಮರಿಗಳನ್ನು ಮುಂದಿರಿಸಿ, ಇವುಗಳಲ್ಲಿ ಗಂಡಾವುದು, ಹೆಣ್ಣಾವುದು ಎಂದು ಕೇಳಿದರೆ ನುರಿತ ವಿಜ್ಞಾನಿಯೂ ಒಂದು ಕ್ಷಣ ಸುಮ್ಮನಾಗುತ್ತಾನೆ. ಕೊರಳಿನ ಕೆಂಪಾಗಲಿ, ದಪ್ಪನೆಯ ದವಡೆಯಾಗಲಿ ಮರಿಗಳಲ್ಲಿ ಇರುವುದಿಲ್ಲ. ಅವು ಪ್ರಾಯದೊಡನೆ ಬರುವ ಲಕ್ಷಣಗಳು.

ಈ ಪ್ರಶ್ನೆ ಬರಿಯ ಕುತೂಹಲದ್ದೆಂದು ವಾಚಕರು ಭಾವಿಸಬಾರದು. ಮೃಗಾಲಯಗಳಲ್ಲಿ ಹಲ್ಲಿ, ಓತಿ, ಉಡಗಳನ್ನು ಸಾಕುವವರಿಗೆ ಇದು ನಿತ್ಯದ ಸಮಸ್ಯೆ. ಗಂಡುಗಳೆರಡನ್ನು ತಿಳಿಯದೆ ಒಂದೇ ಗೂಡಿನಲ್ಲಿಟ್ಟರೆ, ಅವು ಬೆಳೆದ ಮೇಲೆ ಕಚ್ಚಾಡಿ ಗಾಯಗೊಳ್ಳುತ್ತವೆ. ವಿರಳವಾದ ಒಂದು ಜಾತಿಯ ಸಂತಾನವನ್ನು ಉಳಿಸಬೇಕೆಂದು ದೂರದಿಂದ ತರಿಸಿದ ಜೋಡಿ ಜೋಡಿಯೇ ಅಲ್ಲವೆಂದು ವರ್ಷಗಳ ಅನಂತರ ಗೊತ್ತಾದರೆ, ಕಳೆದುಹೋದ ಆ ವರ್ಷಗಳನ್ನು ಯಾರೂ ಹಿಂದಕ್ಕೆ ತರಲಾರರು.

ಹಾಗಾದರೆ ಮರಿಯ ದೇಹದಲ್ಲಿ ಗುರುತೇ ಇಲ್ಲವೆ? ಇದೆ, ಆದರೆ ಅದು ಮರೆಯಲ್ಲಿದೆ. ಹಲ್ಲಿ ಮತ್ತು ಹಾವುಗಳ ಗಂಡಿಗೆ ಜನನೇಂದ್ರಿಯವು ಒಂದಲ್ಲ, ಎರಡು. ಬಳಸದ ಕಾಲದಲ್ಲಿ ಇವು ಒಳಮಗುಚಿದ ಕೈಚೀಲದ ಬೆರಳುಗಳಂತೆ ಬಾಲದ ಬುಡದೊಳಗೆ ಮಡಚಿಕೊಂಡಿರುತ್ತವೆ. ಆದುದರಿಂದ ಗಂಡಿನ ಬಾಲದ ಬುಡದಲ್ಲಿ, ಮಲದ್ವಾರದ ಹಿಂದೆ, ಎಡಬಲಗಳಲ್ಲಿ ಎರಡು ಉಬ್ಬುಗಳೂ ನಡುವೆ ಒಂದು ತಗ್ಗೂ ಕಾಣುತ್ತವೆ. ಹೆಣ್ಣಿನಲ್ಲಿ ಆ ಜೋಡಿ ಉಬ್ಬು ಕಾಣುವುದಿಲ್ಲ. ಆಸ್ಟ್ರೇಲಿಯದ ಗಡ್ಡದ ಓತಿಯನ್ನು ಸಾಕುವವರು ಮರಿಯನ್ನು ಅಂಗೈಯಲ್ಲಿರಿಸಿ, ಬಾಲವನ್ನು ಮೃದುವಾಗಿ ಎತ್ತಿ, ಚಿಕ್ಕ ದೀಪದ ಬೆಳಕನ್ನು ಬಾಲದ ಬುಡದ ಮೂಲಕ ಹಾಯಿಸುತ್ತಾರೆ. ಗಂಡಾದರೆ ತೆಳುವಾದ ಚರ್ಮದೊಳಗೆ ಎರಡು ನೆರಳುಗಳು ಮೂಡುತ್ತವೆ. ಚಿರತೆಹಲ್ಲಿ ಎಂಬ ಇನ್ನೊಂದು ಜಾತಿಯಲ್ಲಿ ತೊಡೆಗಳ ನಡುವೆ, ಮಲದ್ವಾರದ ಮುಂದೆ, ಬಾಗಿದ ಸಾಲಿನಲ್ಲಿರುವ ಸಣ್ಣ ರಂಧ್ರಗಳು ಗಂಡಿನಲ್ಲಿ ಸ್ಫುಟವಾಗಿರುತ್ತವೆ. ಭೂತಗನ್ನಡಿಯೊಂದಿದ್ದರೆ ಮರಿಯಲ್ಲಿಯೂ ಅವನ್ನು ಹುಡುಕಬಹುದು.

ಇದಕ್ಕಿಂತ ಒರಟಾದ ಉಪಾಯಗಳೂ ಉಂಟು. ನುಣುಪಾದ ಲೋಹದ ಕಡ್ಡಿಯನ್ನು ಬಾಲದ ಬುಡದೊಳಕ್ಕೆ ತೂರಿಸಿ ಅದು ಎಷ್ಟು ಆಳಕ್ಕೆ ಹೋಗುವುದೆಂದು ನೋಡುವುದು ಒಂದು. ಬೆರಳಿನಿಂದ ಒತ್ತಿ ಅಂಗವನ್ನೇ ಹೊರಚಿಮ್ಮಿಸುವುದು ಇನ್ನೊಂದು. ಪಳಗಿದ ಪಶುವೈದ್ಯರ ಕೈಯಲ್ಲಿ ಇವು ಸಾಧ್ಯ. ಅನನುಭವಿಯ ಕೈಯಲ್ಲಿ ಒಳಗಿನ ಕೋಮಲವಾದ ಅಂಗಾಂಶ ಹರಿದು, ಮರಿಯು ಜೀವನಪೂರ್ತಿ ಸಂತಾನಕ್ಕೆ ಅನರ್ಹವಾಗಬಹುದು. ಯಾವುದನ್ನು ತಿಳಿಯಲು ಹೊರಟೆವೋ ಅದನ್ನೇ ಕೆಡಿಸಿದಂತಾಯಿತು! ಮರಿಯ ವೃಷಣವನ್ನೋ ಅಂಡಾಶಯವನ್ನೋ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸಂದೇಹಕ್ಕೆ ಎಡೆಯಿರದು. ಆದರೆ ಅದಕ್ಕಾಗಿ ಮರಿಯನ್ನು ಕೊಲ್ಲಬೇಕಾಗುತ್ತದೆ.

ಮರಿಯನ್ನು ಮುಟ್ಟದೆ, ಮೊಟ್ಟೆಯಲ್ಲಿರುವಾಗಲೇ ಅದರ ಲಿಂಗವನ್ನು ಊಹಿಸಬಹುದೆ? ಮನುಷ್ಯರಲ್ಲಿ ಗರ್ಭಧಾರಣೆಯ ಕ್ಷಣದಲ್ಲಿಯೇ ವರ್ಣತಂತುಗಳು ಈ ನಿರ್ಣಯವನ್ನು ಮಾಡಿಬಿಡುತ್ತವೆ. ಎಲ್ಲ ಪ್ರಾಣಿಗಳಲ್ಲಿಯೂ ಹಾಗೆಯೇ ಇರಬೇಕೆಂಬುದು ಬಹುಕಾಲದ ನಂಬಿಕೆಯಾಗಿತ್ತು. ೧೯೬೬ರಲ್ಲಿ ಆಫ್ರಿಕದ ಸೆನೆಗಲ್ ದೇಶದ ಡಾಕಾರ್‌ನಲ್ಲಿ ಮದ್ಲೆನ್ ಶಾರ್ನಿಯೆ ಎಂಬ ಮಹಿಳೆ ಅಗಾಮ ಎಂಬ ಓತಿಯ ಮೊಟ್ಟೆಗಳನ್ನು ಬೇರೆ ಬೇರೆ ಉಷ್ಣತೆಗಳಲ್ಲಿ ಇಟ್ಟು ನೋಡಿದರು. ತಂಪಿನಲ್ಲಿಟ್ಟ ಮೊಟ್ಟೆಗಳಿಂದ ಬಹುಮಟ್ಟಿಗೆ ಹೆಣ್ಣುಗಳೂ, ಕೊಂಚ ಹೆಚ್ಚಿನ ಬಿಸಿಯಲ್ಲಿಟ್ಟವುಗಳಿಂದ ಗಂಡುಗಳೂ ಹೊರಬಂದವು. ಕೇವಲ ಎರಡು ಮೂರು ಡಿಗ್ರಿಗಳ ಅಂತರವು ಸಂತಾನದ ಲಿಂಗವನ್ನು ನಿರ್ಧರಿಸಿತ್ತು.

ಆಮೇಲೆ ಇಂತಹ ನಿದರ್ಶನಗಳು ಬೇರೆಡೆಯೂ ದೊರೆತವು. ಚಿರತೆಹಲ್ಲಿಯ ಮೊಟ್ಟೆಗಳನ್ನು ೨೬ ಡಿಗ್ರಿ ಸೆಂಟಿಗ್ರೇಡಿನಲ್ಲಿ ಕಾವಿಗಿಟ್ಟರೆ ಹೆಣ್ಣುಗಳು. ಸುಮಾರು ೩೨ರಿಂದ ೩೩ ಡಿಗ್ರಿಯಲ್ಲಿ ಹೆಚ್ಚಿನವು ಗಂಡುಗಳು. ೩೪ಕ್ಕೆ ಏರಿಸಿದರೆ ಮತ್ತೆ ಹೆಚ್ಚಿನವು ಹೆಣ್ಣುಗಳು. ನಮ್ಮ ಬೇಲಿಯ ಓತಿಕೇತ ಇದಕ್ಕಿಂತಲೂ ವಿಚಿತ್ರ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ೨೦೧೨ರಲ್ಲಿ ಪ್ರಕಟಿಸಿದ ಪ್ರಯೋಗಗಳ ಪ್ರಕಾರ, ಉಷ್ಣತೆ ಮೆಟ್ಟಿಲು ಮೆಟ್ಟಿಲಾಗಿ ಏರಿದಂತೆ ಮೊದಲು ಹೆಣ್ಣು, ಆಮೇಲೆ ಗಂಡು, ತಿರುಗಿ ಹೆಣ್ಣು, ತಿರುಗಿ ಗಂಡು ಎಂಬ ಕ್ರಮ ಕಾಣುತ್ತದೆ. ಹಿತ್ತಲಿನ ಜೀವಿಯೊಂದು ಲೋಕದ ವಿಜ್ಞಾನಿಗಳ ಗಮನಕ್ಕೆ ಬಂದ ಬಗೆ ಇದು.

ಅಂದಮೇಲೆ ಮೊಟ್ಟೆಗಳನ್ನು ಕಾವಿಗಿಡುವ ಪೆಟ್ಟಿಗೆಯ ಉಷ್ಣಮಾಪಕವನ್ನು ನೋಡಿ ಲಿಂಗವನ್ನು ಹೇಳಿಬಿಡಬಹುದಲ್ಲ ಎಂದು ತೋರಬಹುದು. ಪೂರ್ತಿಯಾಗಿ ಅಲ್ಲ. ಎಲ್ಲ ಹಲ್ಲಿಗಳೂ ಒಂದೇ ನಿಯಮಕ್ಕೆ ಒಳಪಟ್ಟವಲ್ಲ. ಗಡ್ಡದ ಓತಿಗೆ ಲಿಂಗವನ್ನು ನಿರ್ಣಯಿಸುವ ವರ್ಣತಂತುಗಳಿವೆ. ಹಕ್ಕಿಗಳಲ್ಲಿರುವಂತೆ ಒಂದೇ ಬಗೆಯ ಎರಡು ‘ಜೆಡ್’ ತಂತುಗಳಿದ್ದರೆ ಗಂಡು. ಒಂದು ‘ಜೆಡ್’, ಒಂದು ‘ಡಬ್ಲ್ಯು’ ಇದ್ದರೆ ಹೆಣ್ಣು. ಆದರೆ ಮೊಟ್ಟೆಗಳು ೩೨ ಡಿಗ್ರಿಗಿಂತ ಹೆಚ್ಚಿನ ಬಿಸಿಯಲ್ಲಿ ಬೆಳೆದಾಗ, ಗಂಡಿನ ವರ್ಣತಂತುಗಳಿರುವ ಭ್ರೂಣಗಳೂ ಹೆಣ್ಣಾಗತೊಡಗುತ್ತವೆ ಎಂದು ಆಸ್ಟ್ರೇಲಿಯದ ವಿಜ್ಞಾನಿಗಳು ೨೦೦೭ರಲ್ಲಿ ತೋರಿಸಿದರು. ೨೦೧೫ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಾಡಿನಿಂದ ಹಿಡಿದು ಪರೀಕ್ಷಿಸಿದ ೧೩೧ ಓತಿಗಳಲ್ಲಿ ೧೧ ಇಂತಹ ಮಾರ್ಪಟ್ಟ ಹೆಣ್ಣುಗಳಾಗಿದ್ದವು. ಇವು ಬಂಜೆಯಲ್ಲ, ಸಾಮಾನ್ಯ ಹೆಣ್ಣಿಗಿಂತ ಹೆಚ್ಚು ಮೊಟ್ಟೆಗಳನ್ನೇ ಇಡುತ್ತವೆ. ಇವುಗಳ ಮರಿಗಳಿಗೆ ‘ಡಬ್ಲ್ಯು’ ತಂತು ದೊರೆಯುವುದೇ ಇಲ್ಲ. ಒಂದೇ ತಲೆಮಾರಿನಲ್ಲಿ ಲಿಂಗನಿರ್ಣಯದ ಅಧಿಕಾರ ವರ್ಣತಂತುವಿನ ಕೈಯಿಂದ ಬಿಸಿಲಿನ ಕೈಗೆ ಹೋಗುತ್ತದೆ. ಭೂಮಿಯ ಉಷ್ಣತೆ ಏರುತ್ತಿರುವ ಈ ಕಾಲದಲ್ಲಿ, ಎಲ್ಲ ಮರಿಗಳೂ ಒಂದೇ ಲಿಂಗದವಾದರೆ ಆ ಕುಲದ ಗತಿಯೇನೆಂಬ ಚಿಂತೆ ಸಹಜವಾದುದು.

ಇಲ್ಲಿ ಸಾಕುವವನಿಗೂ ಒಂದು ಪಾಠವಿದೆ. ಒಂದು ಹನಿ ರಕ್ತದಿಂದ ವರ್ಣತಂತುಗಳ ಪರೀಕ್ಷೆ ಮಾಡಿಸಿ ‘ಗಂಡು’ ಎಂಬ ಉತ್ತರ ಪಡೆದರೂ, ಕಾವಿನ ಪೆಟ್ಟಿಗೆ ಹೆಚ್ಚು ಬಿಸಿಯಾಗಿದ್ದರೆ ಆ ‘ಗಂಡು’ ಮುಂದೆ ಮೊಟ್ಟೆಯಿಡಬಹುದು.

ರಕ್ತಪರೀಕ್ಷೆ ನಿಜವಾಗಿಯೂ ಉಪಕಾರಕ್ಕೆ ಬರುವುದು ಇಂಡೊನೇಷ್ಯದ ಕೊಮೊಡೊ ಉಡದಂತಹ ಪ್ರಾಣಿಯಲ್ಲಿ. ಇದರ ಗಂಡುಹೆಣ್ಣುಗಳಲ್ಲಿ ಬೆಳೆದ ಮೇಲೂ ಹೊರನೋಟದ ಭೇದ ಅತ್ಯಲ್ಪ. ಉಡಗಳ ಹೆಣ್ಣಿಗೂ ಹೊರಚಾಚುವ ಜೋಡಿ ಅಂಗಗಳಿರುವುದರಿಂದ ಕಣ್ಣು ಮೋಸಹೋಗುತ್ತದೆ. ಆದರೆ ಈ ಜಾತಿಯಲ್ಲಿಯೇ ಮರಿಯನ್ನು ನೋಡದೆಯೇ ಲಿಂಗವನ್ನು ಹೇಳಬಹುದಾದ ಒಂದು ಪ್ರಸಂಗ ನಡೆಯಿತು. ಗಂಡಿನ ಸಂಗವಿಲ್ಲದೆ ಹೆಣ್ಣುಗಳಿಟ್ಟ ಮೊಟ್ಟೆಗಳು ಫಲಿಸಿದ ವಾರ್ತೆ ೨೦೦೬ರಲ್ಲಿ ಇಂಗ್ಲೆಂಡಿನ ಲಂಡನ್ ಮತ್ತು ಚೆಸ್ಟರ್ ಮೃಗಾಲಯಗಳಿಂದ ಬಂದಿತು. ಇಂತಹ ಭ್ರೂಣಕ್ಕೆ ತಾಯಿಯ ಒಂದೇ ಬಗೆಯ ತಂತು ಇಮ್ಮಡಿಯಾಗಿ ದೊರೆಯುತ್ತದೆ. ಎರಡು ‘ಡಬ್ಲ್ಯು’ ಬಂದ ಭ್ರೂಣ ಬದುಕದು. ಎರಡು ‘ಜೆಡ್’ ಬಂದುದು ಗಂಡಾಗುತ್ತದೆ. ಹುಟ್ಟಿದ ಮರಿಗಳೆಲ್ಲವೂ ಗಂಡುಗಳೇ ಆಗಿದ್ದವು!

ಮಿಕ್ಕ ಎಲ್ಲ ಸಂದರ್ಭಗಳಲ್ಲಿ ನಮಗುಳಿಯುವ ಉಪಾಯ ತಾಳ್ಮೆಯೊಂದೇ. ಬೆಳಕು ಹಾಯಿಸಿ ನೋಡಬಹುದು, ಗುರುತು ಹಾಕಿಕೊಳ್ಳಬಹುದು, ಕೆಲವು ವಾರಗಳ ಅನಂತರ ಇನ್ನೊಮ್ಮೆ ನೋಡಬಹುದು. ಅಲ್ಲಿಯವರೆಗೆ ಮರಿಗಳನ್ನು ಬೇರೆ ಬೇರೆಯಾಗಿ ಇಡುವುದು ಕ್ಷೇಮ. ನಮ್ಮ ನಾಡಿನ ಉಡಗಳಿಗೆ ೧೯೭೨ರ ವನ್ಯಜೀವಿ ಕಾಯಿದೆಯ ಕಟ್ಟುನಿಟ್ಟಾದ ರಕ್ಷಣೆಯಿದೆ. ಅವನ್ನು ಹಿಡಿದು ಸಾಕುವುದು ಅಪರಾಧ. ಓತಿಕೇತನನ್ನಂತೂ ಹಿಡಿಯುವ ಅಗತ್ಯವೇ ಇಲ್ಲ. ಈ ವರ್ಷ ಹಿತ್ತಲಿನಲ್ಲಿ ಓಡಾಡುವ ಕಂದು ಬಣ್ಣದ ಮರಿಯು ತಾನು ಯಾರೆಂಬುದನ್ನು, ಪ್ರಾಯಕ್ಕೆ ಬಂದ ಮಳೆಗಾಲದಲ್ಲಿ, ಬೇಲಿಯ ಗೂಟವನ್ನೇರಿ ತಾನೇ ಹೇಳುತ್ತದೆ.