ರೊಕ್ಕ ಬರೋದು ಸುಗ್ಗಿಗೆ, ಖರ್ಚು ದಿನಾಲೂ: ನಮಗೆ ಯಾವ ಬಜೆಟ್ ಆಪ್ ಸರಿ?

ಪ್ಲೇ ಸ್ಟೋರ್‌ನಲ್ಲಿ 'ಬಜೆಟ್' ಅಂತ ಹುಡುಕಿದ್ರೆ ಸಾಲು ಸಾಲಾಗಿ ಆಪ್‌ಗಳು ಬರ್ತವೆ. ಎಲ್ಲದರಲ್ಲೂ ಬಣ್ಣಬಣ್ಣದ ಪೈ ಚಾರ್ಟ್, ಎಲ್ಲದಕ್ಕೂ ಒಳ್ಳೆ ರೇಟಿಂಗ್. ಹೋದ ಸೆಮಿಸ್ಟರ್‌ನಲ್ಲಿ ನಾವು ಮೂವರು ಗೆಳತಿಯರು ಒಂದೇ ಆಪ್ ಹಾಕ್ಕೊಂಡ್ವಿ. ಒಬ್ಬಳಿಗೆ ಅದು ಚೆನ್ನಾಗಿ ಹೊಂದಿಕೊಳ್ತು. ಇನ್ನೊಬ್ಬಳಿಗೆ ಅರ್ಧಂಬರ್ಧ. ಮೂರನೆಯವಳಿಗೆ ಎಕ್ಸಾಮ್ ಫೀಸ್ ಕಟ್ಟೋಕೇ ರೊಕ್ಕ ಇಲ್ಲದ ಹಾಗಾಯ್ತು. ಆಪ್ ಒಂದೇ ಆಗಿದ್ರೂ ಹೀಗ್ಯಾಕೆ ಅಂತ ಕೂತು ಯೋಚಿಸಿದಾಗ ತಿಳಿದಿದ್ದನ್ನ ಇಲ್ಲಿ ಬರೀತಿದ್ದೀವಿ.

ಮೂರು ಊರು, ಮೂರು ಥರದ ರೊಕ್ಕ

ನಮ್ಮಲ್ಲಿ ಒಬ್ಬಳು ರಾಯಚೂರು ಸಿಟಿಯವಳು. ಅವರಪ್ಪ ಶಕ್ತಿನಗರದ ಆರ್‌ಟಿಪಿಎಸ್‌ನಲ್ಲಿ ಕೆಲಸ ಮಾಡ್ತಾರೆ, ತಿಂಗಳಿಗೆ ಸಂಬಳ. ಹಾಗಾಗಿ ಇವಳಿಗೂ ತಿಂಗಳ ಮೊದಲ ವಾರ ಪಾಕೆಟ್ ಮನಿ ಸಿಗುತ್ತೆ.

ಇನ್ನೊಬ್ಬಳು ದೇವದುರ್ಗದವಳು, ಮನೇಲಿ ಹತ್ತಿ ಬೆಳೀತಾರೆ. ಹತ್ತಿ ಒಂದೇ ಸಲ ಬಿಡಿಸಿ ಮುಗಿಯಲ್ಲ. ಕಾಯಿ ಒಡೆದ ಹಾಗೆ ಎರಡು ಮೂರು ಸಲ ಬಿಡಿಸಬೇಕು. ಹತ್ತಿ ರಾಯಚೂರು ಮಾರ್ಕೆಟ್‌ಗೆ ಬಂದು ಮಾರಿದಾಗಲೆಲ್ಲ ಇವಳ ಖಾತೆಗೆ ಒಂದೊಂದು ಕಂತು ಬೀಳುತ್ತೆ. ಯಾವಾಗ, ಎಷ್ಟು ಅನ್ನೋದು ರೇಟ್ ಮೇಲೆ.

ಮೂರನೆಯವಳು ಮಾನ್ವಿಯವಳು. ತುಂಗಭದ್ರಾ ಎಡದಂಡೆ ಕಾಲುವೆ ನೀರಿನ ಭತ್ತದ ಮನೆ. ಭತ್ತ ಮಾರಿದ ಮೇಲೆ ಇಡೀ ಸೆಮಿಸ್ಟರಿನ ರೊಕ್ಕ ಒಮ್ಮೆಗೇ ಬರುತ್ತೆ. ಆಮೇಲೆ ಮುಂದಿನ ಬೆಳೆವರೆಗೂ ಏನಿಲ್ಲ. ಮುಂದಿನ ಬೆಳೆಯೂ ಗ್ಯಾರಂಟಿ ಇಲ್ಲ. 2024ರ ಆಗಸ್ಟ್‌ನಲ್ಲಿ ಅಣೆಕಟ್ಟಿನ 19ನೇ ಗೇಟ್ ಕೊಚ್ಚಿ ಹೋದಾಗ ಅವರ ಮನೇಲಿ ಯಾರಿಗೂ ಸರಿಯಾಗಿ ನಿದ್ದೆ ಬಂದಿರಲಿಲ್ಲ. ಇದರ ಜೊತೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದ ಸ್ಕಾಲರ್‌ಶಿಪ್. ಅದೂ ಬಂದಾಗ ಬಂತು ಅಷ್ಟೇ.

ಆಪ್ ಏನು ಮಾಡ್ತು?

ನಾವು ಹಾಕ್ಕೊಂಡಿದ್ದು ಬ್ಯಾಂಕ್ ಎಸ್‌ಎಂಎಸ್ ಓದಿ ತಾನೇ ಲೆಕ್ಕ ಬರೆಯೋ ಆಪ್. ಈ ಥರದ ಆಪ್‌ಗಳು ಸಾಮಾನ್ಯವಾಗಿ ಒಂದು ತಿಂಗಳ ಆದಾಯದಿಂದ ಅದೇ ತಿಂಗಳ ಖರ್ಚು ಕಳೆದು ತೋರಿಸ್ತವೆ. ಸಂಬಳದ ಮನೆಗೆ ಇದು ಸರಿಯಾದ ಗಣಿತ.

ಮಾನ್ವಿಯವಳ ಖಾತೆಗೆ ರೊಕ್ಕ ಬಿದ್ದ ತಿಂಗಳು ಆಪ್ ಎಲ್ಲ ಹಸಿರು ಬಣ್ಣದಲ್ಲಿ 'ಭರ್ಜರಿ ಉಳಿತಾಯ' ಅಂತ ತೋರಿಸ್ತು. ಅದನ್ನ ನಂಬಿ ಒಂದು ಹೆಡ್‌ಫೋನ್, ಸ್ವಲ್ಪ ಬಟ್ಟೆ, ದಿನಾ ಸಂಜೆ ಒಗ್ಗರಣೆ ಮಿರ್ಚಿ. ಮುಂದಿನ ತಿಂಗಳು ಆದಾಯ ಸೊನ್ನೆ, ಎಲ್ಲ ಕೆಂಪು. ದಿನಾ ಕೆಂಪೇ ನೋಡಿದ್ರೆ ಯಾರಿಗೆ ಬೇಜಾರಾಗಲ್ಲ? ಆಪ್ ತೆಗೆಯೋದನ್ನೇ ಬಿಟ್ಳು. ಎಕ್ಸಾಮ್ ಫೀಸ್ ನೋಟಿಸ್ ಬಂದಾಗ ತೆಗೆದು ನೋಡಿದ್ರೆ ಬ್ಯಾಲೆನ್ಸ್ ಸಾಲಲ್ಲ. "ಯವ್ವಾ, ರೊಕ್ಕ ಎಲ್ಲಿ ಹೋಯ್ತೇ?" ಅಂದ್ಳು.

ಅದೇ ಹೊತ್ತಿಗೆ ಆಪ್ ಒಳಗೇ ಒಂದು ಬಟನ್: ಎರಡು ನಿಮಿಷದಲ್ಲಿ ಸಾಲ. ಅವಳು ಆಧಾರ್ ನಂಬರ್ ಹಾಕೋವರೆಗೂ ಹೋಗಿದ್ಳು. ಅಷ್ಟರಲ್ಲಿ ನಾವಿಬ್ಬರು ನೋಡಿ, ಫೋನ್ ಕಿತ್ಕೊಂಡು, ಇದ್ದಿದ್ದನ್ನ ಕೂಡಿಸಿ ಫೀಸ್ ಕಟ್ಟಿದ್ವಿ. ಅವತ್ತು ನಾವಿಬ್ಬರು ಜೊತೆಗಿರಲಿಲ್ಲ ಅಂದ್ರೆ? ಆ ಪ್ರಶ್ನೆಯಿಂದಲೇ ಈ ಲೇಖನ ಹುಟ್ಟಿದ್ದು.

ಎಸ್‌ಎಂಎಸ್‌ಗೆ ಕಾಣದ ಖರ್ಚು

ಈ ಆಪ್‌ಗಳಿಗೆ ಇನ್ನೊಂದು ತೊಂದರೆ ಇದೆ. ಎಸ್‌ಎಂಎಸ್ ಬಂದರೆ ಮಾತ್ರ ಅವಕ್ಕೆ ಖರ್ಚು ಕಾಣುತ್ತೆ. ಯುಪಿಐ ಲೈಟ್‌ನಲ್ಲಿ ಚಹಾಕ್ಕೆ ಕೊಟ್ಟ 10 ರೂಪಾಯಿಗೆ ಬ್ಯಾಂಕ್ ಬೇರೆ ಬೇರೆ ಎಂಟ್ರಿ ತೋರಿಸಲ್ಲ, ವಾಲೆಟ್‌ಗೆ ರೊಕ್ಕ ತುಂಬಿದ್ದು ಮಾತ್ರ ಕಾಣುತ್ತೆ. 2024ರ ಜೂನ್‌ನಿಂದ ಎಚ್‌ಡಿಎಫ್‌ಸಿ ಬ್ಯಾಂಕ್ 100 ರೂಪಾಯಿಗಿಂತ ಕಡಿಮೆ ಯುಪಿಐ ಪಾವತಿಗೆ ಎಸ್‌ಎಂಎಸ್ ಕಳಿಸೋದನ್ನೇ ನಿಲ್ಲಿಸಿದೆ. ಪಿಜಿ ಬಾಡಿಗೆ ಕ್ಯಾಶ್‌ನಲ್ಲಿ ಕೊಟ್ರೆ ಅದೂ ಕಾಣಲ್ಲ. ನಮ್ಮ ಖರ್ಚಿನ ಬಹುಪಾಲು ಇಂಥ ಚಿಲ್ಲರೆಯೇ ಅಲ್ವಾ?

ಹಂಚ್ಕೊಂಡು ಮಾಡೋ ಖರ್ಚಂತೂ ಪೂರ್ತಿ ತಪ್ಪು. ಮೂವರ ರೇಷನ್‌ಗೆ ಒಬ್ಬಳು 1,200 ಕೊಟ್ರೆ ಅದೆಲ್ಲ ಅವಳ ಖರ್ಚು. ಉಳಿದಿಬ್ಬರು 400, 400 ವಾಪಸ್ ಕೊಟ್ರೆ ಅದು ಅವಳ 'ಆದಾಯ'! ನಿಜವಾದ ಖರ್ಚು 400 ಮಾತ್ರ.

ಮೊದಲು ಎತ್ತಿಡು, ಆಮೇಲೆ ಎಣಿಸು

ರಜೆಗೆ ಮಾನ್ವಿಗೆ ಹೋದಾಗ ಗೆಳತಿಯ ಅಪ್ಪನ್ನ ಕೇಳಿದ್ವಿ, "ಕಾಕಾ, ನೀವು ವರ್ಷಪೂರ್ತಿ ಹೆಂಗ ನಡಸ್ತೀರಿ?" ಅವರು ಹೇಳಿದ್ದು ಇಷ್ಟೇ: "ರೊಕ್ಕ ಕೈಗೆ ಬಂದ ದಿನಾನ ಬೀಜ ಗೊಬ್ಬರದ್ದು ತೆಗೆದಿಡಬೇಕವ್ವ. ಅದು ನಮ್ಮದಲ್ಲ, ಮುಂದಿನ ಬೆಳೀದು. ಉಳಿದದ್ದಷ್ಟೇ ನಮ್ಮದು."

ಸಾಫ್ಟ್‌ವೇರ್ ಜಗತ್ತಿನಲ್ಲಿ ಇದಕ್ಕೆ ಎನ್ವಲಪ್ ಬಜೆಟಿಂಗ್ ಅಂತಾರೆ. ಬಂದ ರೊಕ್ಕವನ್ನ ಮೊದಲೇ ಬೇರೆ ಬೇರೆ ಲಕೋಟೆಗೆ ಹಂಚಿಬಿಡೋದು. ತಿಂಗಳ ಆದಾಯ ಎಷ್ಟು ಅನ್ನೋ ಪ್ರಶ್ನೆಯೇ ಇಲ್ಲ. ಕೈಯಲ್ಲಿರೋದು ಯಾವುದಕ್ಕೆ ಅನ್ನೋದಷ್ಟೇ ಪ್ರಶ್ನೆ. ಬೇಸಿಕ್ ಎಲೆಕ್ಟ್ರಾನಿಕ್ಸ್‌ನಲ್ಲಿ ರೆಕ್ಟಿಫೈಯರ್ ಮುಂದೆ ಫಿಲ್ಟರ್ ಕೆಪಾಸಿಟರ್ ಹಾಕ್ತೀವಲ್ಲ, ಅದೇ ಕೆಲಸ. ಬರೋದು ಪಲ್ಸ್ ಪಲ್ಸ್ ಆಗಿ, ಲೋಡ್‌ಗೆ ಸಿಗಬೇಕಾದ್ದು ಸಮನಾಗಿ.

ಒಂದು ಉದಾಹರಣೆ. ಖಾತೆಗೆ 32,000 ಬಂತು, ಐದು ತಿಂಗಳು ನಡೀಬೇಕು ಅಂದ್ಕೊಳ್ಳಿ. ಪಿಜಿ ಮತ್ತು ಊಟ ತಿಂಗಳಿಗೆ 4,500ರ ಹಾಗೆ 22,500. ಎಕ್ಸಾಮ್ ಫೀಸ್‌ಗೆ 2,500. ರೆಕಾರ್ಡ್, ಪ್ರಿಂಟ್‌ಔಟ್, ಪ್ರಾಜೆಕ್ಟ್‌ಗೆ 1,500. ಆಸ್ಪತ್ರೆ ಅಂತ 1,500. ಒಟ್ಟು 28,000 ಎತ್ತಿಟ್ರೆ ಉಳಿಯೋದು 4,000. ಇಪ್ಪತ್ತು ವಾರಕ್ಕೆ ಹಂಚಿದ್ರೆ ವಾರಕ್ಕೆ 200 ರೂಪಾಯಿ! ಬ್ಯಾಂಕ್ ಆಪ್ 32,000 ತೋರಿಸ್ತಿರುತ್ತೆ, ನಿಮ್ಮ ಕೈಲಿರೋದು ಮಾತ್ರ ಈ ವಾರದ 200. (ಶಕ್ತಿ ಯೋಜನೆಯಿಂದ ಊರಿಗೆ ಹೋಗೋ ಬಸ್ ನಮಗೆ ಉಚಿತ. ಹುಡುಗ್ರು ಟಿಕೆಟ್ ರೊಕ್ಕಕ್ಕೆ ಇನ್ನೊಂದು ಲಕೋಟೆ ಸೇರಿಸ್ಕೊಳ್ಳಿ.)

ಆಯ್ಕೆಗಳು ಯಾವುವು?

ವೈನಾಬ್: 2004ರಲ್ಲಿ ಜೆಸ್ಸಿ ಮೆಚಮ್ ಅನ್ನೋರು ಒಂದು ಸ್ಪ್ರೆಡ್‌ಶೀಟ್ ಆಗಿ ಶುರು ಮಾಡಿದ್ದು. ಪ್ರತಿ ರೂಪಾಯಿಗೂ ಒಂದು ಕೆಲಸ ಕೊಡು ಅನ್ನೋದು ಇದರ ತತ್ವ. ಕಲಿಯೋಕೆ ತುಂಬ ಒಳ್ಳೇದು. ಆದರೆ ವರ್ಷಕ್ಕೆ 100 ಡಾಲರ್‌ಗಿಂತ ಜಾಸ್ತಿ, ನಮ್ಮ ಬ್ಯಾಂಕ್‌ಗಳಿಗೆ ಜೋಡಣೆಯೂ ಆಗಲ್ಲ.

ಗುಡ್‌ಬಜೆಟ್: ಇದೂ ಲಕೋಟೆ ಪದ್ಧತಿ. ಖರ್ಚನ್ನ ನಾವೇ ಬರೀಬೇಕು. ಉಚಿತ ಆವೃತ್ತಿಯಲ್ಲಿ ಲಕೋಟೆಗಳ ಸಂಖ್ಯೆಗೆ ಮಿತಿ ಇದೆ, ಆದರೆ ವಿದ್ಯಾರ್ಥಿಗೆ ಸಾಕು.

ಆಕ್ಚುಯಲ್ ಬಜೆಟ್: ಲಕೋಟೆ ಪದ್ಧತಿಯ ಓಪನ್ ಸೋರ್ಸ್ ಸಾಫ್ಟ್‌ವೇರ್. ಸೋರ್ಸ್ ಕೋಡ್ 2022ರಲ್ಲಿ ಮುಕ್ತವಾಯ್ತು. ನಮ್ಮದೇ ಸರ್ವರ್‌ನಲ್ಲಿ ಓಡಿಸ್ಬಹುದು. ಸಿಎಸ್ ಬ್ರಾಂಚಿನವರಿಗೆ ಒಳ್ಳೆ ವೀಕೆಂಡ್ ಪ್ರಾಜೆಕ್ಟ್.

ಗ್ನೂಕ್ಯಾಶ್: ಕಂಪ್ಯೂಟರ್‌ನಲ್ಲಿ ಓಡೋ ಉಚಿತ ಸಾಫ್ಟ್‌ವೇರ್. ಇದು ಡಬಲ್ ಎಂಟ್ರಿ ಪದ್ಧತಿ. ಇಟಲಿಯ ಲೂಕಾ ಪಾಚಿಯೋಲಿ 1494ರಲ್ಲಿ ಅಚ್ಚು ಹಾಕಿಸಿದ ಗಣಿತದ ಪುಸ್ತಕದಲ್ಲಿ ವಿವರಿಸಿದ್ದು ಇದನ್ನೇ. ಪಿಜಿ ಡೆಪಾಸಿಟ್ ಖರ್ಚಲ್ಲ, ವಾಪಸ್ ಬರಬೇಕಾದ ಆಸ್ತಿ ಅಂತ ಇದಕ್ಕೆ ಗೊತ್ತು. ಉದ್ರಿ ಕೊಟ್ಟಿದ್ದು, ತಗೊಂಡಿದ್ದು ಕೂಡ ಸರಿಯಾಗಿ ಕೂರುತ್ತೆ. ಆದರೆ ಕಲಿಯೋಕೆ ತಾಳ್ಮೆ ಬೇಕು.

ಸ್ಪ್ಲಿಟ್‌ವೈಸ್: ಇದು ಬಜೆಟ್ ಆಪ್ ಅಲ್ಲ, ರೂಮ್‌ಮೇಟ್‌ಗಳ ನಡುವಿನ ಕೊಡು ತಗೊಳ್ಳೋ ಲೆಕ್ಕಕ್ಕೆ. ಉಚಿತ ಆವೃತ್ತಿಯಲ್ಲಿ ದಿನಕ್ಕೆ ಕೆಲವೇ ಎಂಟ್ರಿ ಹಾಕೋಕೆ ಬಿಡುತ್ತೆ.

ಗೂಗಲ್ ಶೀಟ್ಸ್: ಏನೂ ಖರ್ಚಿಲ್ಲ, ನಮಗೆ ಬೇಕಾದ ಹಾಗೆ ತಿದ್ದಬಹುದು, ತಲೆಬರಹ ಕನ್ನಡದಲ್ಲೇ ಹಾಕಬಹುದು. ಬರೆಯೋ ಶಿಸ್ತು ಮಾತ್ರ ನಮ್ಮದೇ.

ಹಾಕ್ಕೊಳ್ಳೋ ಮುಂಚೆ ಕೇಳಬೇಕಾದ್ದು

ಒಂದು, ಇದು ಬದುಕೋದು ಯಾರ ರೊಕ್ಕದಿಂದ? ನಾವು ಕೊಡ್ತಿಲ್ಲ ಅಂದ್ರೆ ಜಾಹೀರಾತು, ಇಲ್ಲಾ ಸಾಲ, ಇಲ್ಲಾ ಕಾರ್ಡ್ ಮಾರಾಟ ಇರುತ್ತೆ. ಸಾಲ ಮಾರೋ ಆಪ್‌ಗೆ ನಮ್ಮ ಖಾತೆ ಖಾಲಿಯಾಗೋ ದಿನ ಮೊದಲೇ ಗೊತ್ತಿರುತ್ತೆ ಅನ್ನೋದು ನೆನಪಿರಲಿ.

ಎರಡು, ಯಾವ ಪರ್ಮಿಷನ್ ಕೇಳುತ್ತೆ? ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಲ್ಲಿ ತಂದ ಡಿಜಿಟಲ್ ಸಾಲದ ನಿಯಮಗಳ ಪ್ರಕಾರ ಸಾಲದ ಆಪ್‌ಗಳು ಕಾಂಟ್ಯಾಕ್ಟ್ ಲಿಸ್ಟ್, ಕಾಲ್ ಲಾಗ್, ಫೋಟೋ ಫೈಲ್‌ಗಳನ್ನ ಮುಟ್ಟೋ ಹಾಗಿಲ್ಲ. ಲೆಕ್ಕ ಬರೆಯೋ ಆಪ್‌ಗೆ ನಿಮ್ಮ ಅಮ್ಮನ ನಂಬರ್ ಯಾಕೆ ಬೇಕು? ಕೇಳಿದ ತಕ್ಷಣ ತೆಗೆದುಹಾಕಿ. ಯಾರಾದ್ರೂ ಈಗಾಗಲೇ ಸಾಲ ತಗೊಂಡಿದ್ರೆ, ಅದೇ ನಿಯಮದಲ್ಲಿ ಕೂಲಿಂಗ್ ಆಫ್ ಅವಧಿ ಇದೆ. ಆ ಅವಧಿಯೊಳಗೆ ಅಸಲು ಮತ್ತು ಅಷ್ಟು ದಿನದ ಬಡ್ಡಿ ಕಟ್ಟಿ ದಂಡ ಇಲ್ಲದೆ ಹೊರಗೆ ಬರಬಹುದು.

ಮೂರು, ನಮ್ಮ ಲೆಕ್ಕವನ್ನ ಸಿಎಸ್‌ವಿ ಫೈಲ್ ಆಗಿ ಹೊರಗೆ ತೆಗೀಬಹುದಾ? ಅಮೆರಿಕದಲ್ಲಿ ಲಕ್ಷಾಂತರ ಜನ ಬಳಸ್ತಿದ್ದ ಮಿಂಟ್ ಅನ್ನೋ ಉಚಿತ ಆಪನ್ನ ಇನ್‌ಟ್ಯೂಟ್ ಕಂಪನಿ 2024ರ ಮಾರ್ಚ್‌ನಲ್ಲಿ ಮುಚ್ಚಿಬಿಡ್ತು. ಅಷ್ಟು ದೊಡ್ಡದೇ ಮುಚ್ಚಿತು ಅಂದ್ಮೇಲೆ ಉಳಿದವುಗಳ ಗ್ಯಾರಂಟಿ ಏನು?

ಈಗ ನಾವು ಏನು ಬಳಸ್ತಿದ್ದೀವಿ?

ಸಿಟಿಯವಳು ಹಳೆ ಥರದ ತಿಂಗಳ ಲೆಕ್ಕದಲ್ಲೇ ಇದ್ದಾಳೆ, ಅವಳಿಗೆ ಅದೇ ಸರಿ. ಆದರೆ ಈಗ ಎಸ್‌ಎಂಎಸ್ ಪರ್ಮಿಷನ್ ಕೊಟ್ಟಿಲ್ಲ, ಕೈಯಾರೆ ಬರೀತಾಳೆ. ಮಾನ್ವಿಯವಳು ಗುಡ್‌ಬಜೆಟ್ ಹಾಕ್ಕೊಂಡಿದ್ದಾಳೆ. ಮೊದಲ ಲಕೋಟೆಗೆ 'ಬೀಜ ಗೊಬ್ಬರ' ಅಂತ ಹೆಸರಿಟ್ಟು ಅದರಲ್ಲಿ ಎಕ್ಸಾಮ್ ಫೀಸ್ ಎತ್ತಿಟ್ಟಿದ್ದಾಳೆ. ದೇವದುರ್ಗದವಳಿಗೆ ಕಂತು ಕಂತಾಗಿ ಬರೋದ್ರಿಂದ ಗೂಗಲ್ ಶೀಟ್. ಪ್ರತಿ ಕಂತಿಗೂ ಒಂದು ಸಾಲು, ಅದು ಎಷ್ಟು ವಾರಕ್ಕೆ ಸಾಕು ಅಂತ ಪಕ್ಕದಲ್ಲೇ ತೋರಿಸುತ್ತೆ. ಇಂಟರ್ನಲ್ಸ್ ಟೈಮಲ್ಲಿ ಎರಡು ವಾರ ಬರೆಯೋದು ಬಿಟ್ಟಿದ್ಳು. ಹಿಂದಿನದ್ದನ್ನ ಹುಡುಕ್ತಾ ಕೂರದೆ, ಅವತ್ತಿನ ಬ್ಯಾಲೆನ್ಸ್ ಹಾಕಿ ಮತ್ತೆ ಶುರು ಮಾಡಿದ್ಳು. ನೀವೂ ಹಾಗೇ ಮಾಡಿ, ಒಂದು ವಾರ ತಪ್ಪಿತು ಅಂತ ಪೂರ್ತಿ ಬಿಡಬೇಡಿ.

ಹಾಗಾಗಿ ಆಪ್ ಹುಡುಕೋ ಮುಂಚೆ ಒಂದು ಹಾಳೆ ತಗೊಂಡು ಬರೀರಿ: ನನಗೆ ವರ್ಷದಲ್ಲಿ ರೊಕ್ಕ ಬರೋದು ಎಷ್ಟು ಸಲ, ಯಾವಾಗ? ತಿಂಗಳಿಗೊಮ್ಮೆ ಅಂದ್ರೆ ಯಾವ ಆಪ್ ಆದ್ರೂ ನಡೆಯುತ್ತೆ. ಸುಗ್ಗಿಗೊಮ್ಮೆ ಅಂದ್ರೆ ಲಕೋಟೆ ಪದ್ಧತಿಯದ್ದನ್ನೇ ಆರಿಸಿ.

ನಮ್ಮ ಶೀಟ್‌ನಲ್ಲಿ ನಾಲ್ಕೇ ಕಾಲಂ: ಬಂದದ್ದು, ಎತ್ತಿಟ್ಟದ್ದು, ಈ ವಾರದ್ದು, ಉದ್ರಿ. ಬೇಕಾದವರು ಕನ್ನಡ ಸಂಘದ ಗ್ರೂಪ್‌ನಲ್ಲಿ ಕೇಳಿ, ಕಾಪಿ ಕೊಡ್ತೀವಿ. ಫಾರ್ಮುಲಾದಲ್ಲಿ ತಪ್ಪು ಕಂಡ್ರೆ ದಯವಿಟ್ಟು ತಿದ್ದಿ ನಮಗೂ ಹೇಳಿ.