ಹಾಸಿಗೆ ಹೋಯಿತು, ನರ್ಸ್ ಬರಲಿಲ್ಲ

ನೆದರ್ಲೆಂಡ್ಸ್ ಪೊಲೀಸರ ದಾಖಲೆಯಲ್ಲಿ 'ಇ33' ಎಂಬ ಸಂಕೇತವೊಂದಿದೆ. ಬೀದಿಯಲ್ಲಿ ಯಾರೋ ತಮ್ಮಷ್ಟಕ್ಕೆ ಕೂಗಾಡುತ್ತಿದ್ದಾರೆ, ಪಕ್ಕದ ಮನೆಯಾತ ನಡುರಾತ್ರಿ ಗೋಡೆ ಗುದ್ದುತ್ತಿದ್ದಾನೆ ಎಂಬಂಥ ಕರೆಗಳೆಲ್ಲ ಈ ಲೆಕ್ಕಕ್ಕೆ ಸೇರುತ್ತವೆ. 2011ರಲ್ಲಿ ಇಂಥವು ಸುಮಾರು 40 ಸಾವಿರ ಇದ್ದವು. 2018ರ ಹೊತ್ತಿಗೆ 90 ಸಾವಿರವಾಗಿ, ಆಮೇಲೆ ಲಕ್ಷ ದಾಟಿದವು. ಇವರೆಲ್ಲ ಮನೋರೋಗಿಗಳಲ್ಲ. ಮರೆವಿನ ಕಾಯಿಲೆಯ ಅಜ್ಜನೂ ಇದರಲ್ಲಿದ್ದಾನೆ, ಕುಡಿದು ಬಿದ್ದವನೂ ಇದ್ದಾನೆ, ಒಬ್ಬರೇ ಹಲವು ಸಲ ಎಣಿಕೆಯಾದದ್ದೂ ಉಂಟು. ಅದನ್ನೆಲ್ಲ ಕಳೆದರೂ ಉಳಿಯುವ ಸಂಗತಿ ಆತಂಕದ್ದೇ: ನರ್ಸ್ ಮಾತಾಡಿಸಬೇಕಾದವರನ್ನು ಪೊಲೀಸರು ಮಾತಾಡಿಸುತ್ತಿದ್ದಾರೆ.

ಇದು ಹಠಾತ್ತನೆ ಆದದ್ದಲ್ಲ. 2012ರಲ್ಲಿ ಅಲ್ಲಿನ ಸರ್ಕಾರ, ವಿಮಾ ಕಂಪನಿಗಳು ಮತ್ತು ಚಿಕಿತ್ಸಾ ಸಂಸ್ಥೆಗಳು ಕೂತು ಒಪ್ಪಂದವೊಂದನ್ನು ಮಾಡಿಕೊಂಡವು. 2008ರಲ್ಲಿದ್ದ ಮನೋರೋಗ ಹಾಸಿಗೆಗಳಲ್ಲಿ ಮೂರನೇ ಒಂದು ಭಾಗವನ್ನು 2020ರೊಳಗೆ ತೆಗೆಯುವುದು, ಅದರ ಬದಲು ರೋಗಿಯ ಮನೆಗೇ ಆರೈಕೆ ಒಯ್ಯುವುದು ಅದರ ತಿರುಳು. ಆಶಯ ಒಳ್ಳೆಯದೇ. ವರ್ಷಗಟ್ಟಲೆ ವಾರ್ಡಿನಲ್ಲಿ ಕೊಳೆಯುವುದಕ್ಕಿಂತ ಸ್ವಂತ ಮನೆಯಲ್ಲಿ, ತನ್ನ ಬೀದಿಯಲ್ಲಿ ಬದುಕುವುದು ಯಾರಿಗೆ ಬೇಡ? ಆದರೆ ಈ ಬದಲಾವಣೆಯ ಮೇಲೆ ಕಣ್ಣಿಟ್ಟಿದ್ದ ಟ್ರಿಂಬೋಸ್ ಸಂಸ್ಥೆಯ ವರದಿಗಳು ಮತ್ತೆಮತ್ತೆ ಒಂದೇ ಮಾತು ಹೇಳಿದವು: ಹಾಸಿಗೆಗಳು ಕಡಿಮೆಯಾದವು, ಮನೆ ಆರೈಕೆ ಆ ಪ್ರಮಾಣದಲ್ಲಿ ಬೆಳೆಯಲಿಲ್ಲ. ಹಾಸಿಗೆ ತೆಗೆಯಲು ಒಂದು ಸಹಿ ಸಾಕು. ಮನೋರೋಗ ನರ್ಸ್ ತಯಾರಾಗಲು ವರ್ಷಗಳು ಬೇಕು.

ಇದು ಆ ದೇಶಕ್ಕೆ ಗೊತ್ತಿಲ್ಲದ ಪಾಠವೂ ಅಲ್ಲ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಹುಚ್ಚಾಸ್ಪತ್ರೆಗಳ ಖರ್ಚು ತಾಳಲಾರದೆ ಆಮ್‌ಸ್ಟರ್‌ಡಾಮ್ ನಗರಾಡಳಿತ ಆರಿ ಕೆರಿಡೊ ಎಂಬ ಮನೋವೈದ್ಯರ ಮೊರೆ ಹೋಯಿತು. ಅವರು ಆಸ್ಪತ್ರೆಯಲ್ಲಿ ಕೂರಲಿಲ್ಲ. ನರ್ಸುಗಳೊಂದಿಗೆ ರೋಗಿಯ ಮನೆಗೇ ಹೋಗಿ, ದಾಖಲು ಮಾಡುವುದು ನಿಜಕ್ಕೂ ಬೇಕೇ ಎಂದು ನೋಡಿದರು. ಅಲ್ಲೂ ಉದ್ದೇಶ ಉಳಿತಾಯವೇ. ಆದರೆ ಉಳಿತಾಯಕ್ಕೆ ಮೊದಲು ಮನೆಗೆ ಹೋಗುವ ಕಾಲುಗಳು ಸಿದ್ಧವಾಗಿದ್ದವು.

ಈಗಿನ ವ್ಯವಸ್ಥೆಯ ಬೆನ್ನೆಲುಬು 'ಫ್ಯಾಕ್ಟ್' ತಂಡಗಳು. ಒಂದು ತಂಡಕ್ಕೆ ಸುಮಾರು 200 ರೋಗಿಗಳು. ಬೆಳಗಾದರೆ ಎಲ್ಲರೂ ಒಂದು ಬೋರ್ಡಿನ ಮುಂದೆ ಸೇರುತ್ತಾರೆ. ಯಾರ ಸ್ಥಿತಿ ಬಿಗಡಾಯಿಸುತ್ತಿದೆಯೋ ಅವರ ಹೆಸರು ಬೋರ್ಡಿಗೆ ಏರುತ್ತದೆ, ಇವತ್ತು ಯಾರು ಹೋಗಬೇಕು ಎಂಬುದು ಅಲ್ಲೇ ತೀರ್ಮಾನ. ನರ್ಸ್ ಹೋಗುವುದು ತಿಂಗಳ ಇಂಜೆಕ್ಷನ್ ಕೊಡಲು ಮಾತ್ರವಲ್ಲ. ಬಾಗಿಲ ಹಿಂದೆ ತೆರಿಗೆ ಇಲಾಖೆಯ ನೀಲಿ ಲಕೋಟೆಗಳು ಒಡೆಯದೆ ರಾಶಿ ಬಿದ್ದಿವೆಯೇ, ಫ್ರಿಜ್ಜಿನಲ್ಲಿ ಏನಾದರೂ ಇದೆಯೇ, ಹಗಲಲ್ಲೂ ಪರದೆ ಎಳೆದಿದೆಯೇ ಎಂದು ನೋಡುತ್ತಾರೆ. ಸಾಲ ಬೆಳೆದು ಮನೆ ಕೈತಪ್ಪುವ, ನಿದ್ದೆ ಹೋಗಿ ಭ್ರಮೆ ಮರುಕಳಿಸುವ ಮುನ್ಸೂಚನೆ ಸಿಗುವುದು ಇಂಥ ಕಡೆ. ಯಾವ ರಕ್ತಪರೀಕ್ಷೆಯೂ ಇದನ್ನು ಹೇಳದು. ತಂಡದಲ್ಲಿ ಇಬ್ಬರು ನರ್ಸುಗಳ ಜಾಗ ಖಾಲಿ ಬಿದ್ದರೆ ಬೋರ್ಡಿನಲ್ಲಿರುವವರಿಗೆ ಮಾತ್ರ ಭೇಟಿ ಸಿಗುತ್ತದೆ, ಸದ್ದಿಲ್ಲದೆ ಕುಸಿಯುತ್ತಿರುವವರ ಹೆಸರು ಬೋರ್ಡಿಗೆ ಬರುವುದೇ ಇಲ್ಲ. 2020ರ ಜನವರಿಯಿಂದ ಜಾರಿಯಲ್ಲಿರುವ ಹೊಸ ಕಾನೂನಿನಡಿ ಕಡ್ಡಾಯ ಚಿಕಿತ್ಸೆಯನ್ನು ಆಸ್ಪತ್ರೆಯ ಹೊರಗೂ ಕೊಡಬಹುದು. ಅಂದರೆ ಅದೇ ನರ್ಸಿನ ಹೆಗಲ ಮೇಲೆ ಈಗ ಕಾನೂನಿನ ಭಾರ ಮತ್ತು ಅದರ ಕಾಗದಪತ್ರವೂ ಬಿದ್ದಿದೆ.

ಇತ್ತ ಬೇಡಿಕೆ ಏರುತ್ತಲೇ ಇದೆ. ಟ್ರಿಂಬೋಸ್‌ನ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಹಿಂದಿನ 12 ತಿಂಗಳಲ್ಲಿ ಮಾನಸಿಕ ಕಾಯಿಲೆ ಕಂಡವರು 2007–09ರಲ್ಲಿ ನೂರಕ್ಕೆ 17ರಷ್ಟಿದ್ದರೆ, 2019–22ರಲ್ಲಿ 26. ಏರಿಕೆ ಹೆಚ್ಚಾಗಿ ಕಂಡದ್ದು ಯುವಜನರಲ್ಲಿ, ನಗರವಾಸಿಗಳಲ್ಲಿ. ಕೋವಿಡ್ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವಂತೆಯೂ ಇಲ್ಲ, ಏಕೆಂದರೆ ಸೋಂಕು ಬರುವ ಮೊದಲೇ ಸಂದರ್ಶನ ಕೊಟ್ಟವರಲ್ಲೂ ಅದೇ ಪ್ರಮಾಣ ಕಂಡಿತ್ತು. ಚಿಕಿತ್ಸೆಗೆ ಗರಿಷ್ಠ 14 ವಾರ ಕಾಯಬಹುದೆಂದು ದೇಶ ತಾನೇ ಮಿತಿ ಹಾಕಿಕೊಂಡಿದೆ. 2023ರ ಸರದಿಯಲ್ಲಿದ್ದ ಹತ್ತಿರಹತ್ತಿರ ಒಂದು ಲಕ್ಷ ಜಾಗಗಳಲ್ಲಿ ಅರ್ಧದಷ್ಟು ಆ ಮಿತಿ ಮೀರಿದ್ದವು.

ಕಾಯಿಸಿದರೆ ಏನಾಗುತ್ತದೆ ಎಂಬುದಕ್ಕೆ ಇದೇ ನೆಲದಲ್ಲಿ ಕಟುವಾದ ಸಾಕ್ಷ್ಯವಿದೆ. ಇರಾಕಿನಿಂದ ಆಶ್ರಯ ಕೋರಿ ಬಂದವರನ್ನು ಲಾಬಾನ್ ಮತ್ತು ಸಂಗಡಿಗರು ಅಧ್ಯಯನ ಮಾಡಿ 2004ರಲ್ಲಿ ಪ್ರಕಟಿಸಿದರು. ಬಂದು ಆರು ತಿಂಗಳೂ ಆಗದವರಲ್ಲಿ ಮಾನಸಿಕ ಕಾಯಿಲೆ ನೂರಕ್ಕೆ 42 ಮಂದಿಗೆ, ಎರಡು ವರ್ಷಕ್ಕೂ ಮೀರಿ ತೀರ್ಪು ಕಾಯುತ್ತಿದ್ದವರಲ್ಲಿ 66 ಮಂದಿಗೆ. ಯುದ್ಧದ ಗಾಯ ಎರಡೂ ಗುಂಪಿಗಿತ್ತು. ವ್ಯತ್ಯಾಸ ಕಾಯುವಿಕೆಯದು. ಈ ಅಂಕಿ ಕೈಯಲ್ಲಿದ್ದೂ 2022ರ ಸೆಪ್ಟೆಂಬರಿನಲ್ಲಿ ಸರ್ಕಾರ ಅರ್ಜಿ ತೀರ್ಮಾನದ ಅವಧಿಯನ್ನು 6 ತಿಂಗಳಿಂದ 15 ತಿಂಗಳಿಗೆ ಚಾಚಿತು. ಅದಕ್ಕೆ ಒಂದು ತಿಂಗಳ ಹಿಂದಷ್ಟೇ ಟೆರ್ ಆಪೆಲ್ ಎಂಬ ಉತ್ತರದ ಹಳ್ಳಿಯ ನೋಂದಣಿ ಕೇಂದ್ರದ ಹೊರಗೆ ನೂರಾರು ಜನ ಬಯಲಲ್ಲಿ ಮಲಗಿದ್ದರು. ಮೂರು ತಿಂಗಳ ಕೂಸೊಂದು ಅಲ್ಲಿನ ಕ್ರೀಡಾ ಸಭಾಂಗಣದಲ್ಲಿ ತೀರಿಕೊಂಡಿತು. ಯುದ್ಧಭೂಮಿಗಳಲ್ಲಿ ಕೆಲಸ ಮಾಡುವ 'ಗಡಿಗಳಿಲ್ಲದ ವೈದ್ಯರು' ಸಂಸ್ಥೆ ಮೊಟ್ಟಮೊದಲ ಬಾರಿಗೆ ನೆದರ್ಲೆಂಡ್ಸಿನೊಳಗೇ ವೈದ್ಯಕೀಯ ತಂಡ ಇಳಿಸಬೇಕಾಯಿತು. ಶ್ರೀಮಂತ ದೇಶವೊಂದಕ್ಕೆ ಇದಕ್ಕಿಂತ ಮುಜುಗರ ಇನ್ನೇನಿದೆ?

ಆಶ್ರಯಾರ್ಥಿಗಳನ್ನು ಕೇಂದ್ರದಿಂದ ಕೇಂದ್ರಕ್ಕೆ ಎತ್ತಿಹಾಕುವುದು ಅಲ್ಲಿ ಮಾಮೂಲು. ನರ್ಸಿನ ಮೇಲೆ ನಂಬಿಕೆ ಹುಟ್ಟಿ, ಬಾಯಿಬಿಟ್ಟು ಕಷ್ಟ ಹೇಳಿಕೊಳ್ಳುವಷ್ಟರಲ್ಲಿ ಊರೇ ಬದಲು. ಇವತ್ತು ಹೀಗೆ ಕಾಯುತ್ತಿರುವವರು ನಾಳೆ ಅದೇ ಊರುಗಳ ನಿವಾಸಿಗಳು. ಈಗ ಮುಟ್ಟದೆ ಬಿಟ್ಟ ಖಿನ್ನತೆ, ಐದಾರು ವರ್ಷದಲ್ಲಿ ಕೆಲಸವಿಲ್ಲದ ಅಪ್ಪನಾಗಿ, ಶಾಲೆ ಬಿಟ್ಟ ಮಗನಾಗಿ ಎದುರು ನಿಲ್ಲುತ್ತದೆ. ಪೊಲೀಸರ ಆ ಎಣಿಕೆ ಇನ್ನೂ ಏರುವುದಕ್ಕೆ ಬೇಕಾದದ್ದೆಲ್ಲ ಸಿದ್ಧವಾಗಿದೆ.

ನಮಗೇಕೆ ಈ ಚಿಂತೆ ಎನ್ನಬೇಡಿ. ನಿಮ್ಹಾನ್ಸ್ 1985ರಲ್ಲಿ ಬಳ್ಳಾರಿಯಲ್ಲಿ ಮಾಡಿದ ಪ್ರಯೋಗವೇ 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ, ಮನೆಯಿಲ್ಲವೆಂಬ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳಬಾರದು ಎನ್ನುತ್ತದೆ. ಹೊರಗೆ ಬಂದವರನ್ನು ನೋಡಿಕೊಳ್ಳಲು ಯಾರಿದ್ದಾರೆ? ವಿಶ್ವ ಆರೋಗ್ಯ ಸಂಸ್ಥೆಯ 2017ರ ಲೆಕ್ಕದಂತೆ ಭಾರತದಲ್ಲಿ ಒಂದು ಲಕ್ಷ ಜನಕ್ಕೆ ಮನೋರೋಗ ನರ್ಸುಗಳು 0.8, ಅಂದರೆ ಒಬ್ಬರೂ ಇಲ್ಲ. ನಮ್ಮ ಜಿಲ್ಲಾ ತಂಡದ ಪಟ್ಟಿಯಲ್ಲಿ ನರ್ಸಿನ ಹುದ್ದೆ ಇದೆ. ನಿಮ್ಮ ಜಿಲ್ಲೆಯಲ್ಲಿ ಅದು ಭರ್ತಿಯಾಗಿದೆಯೇ, ಆ ನರ್ಸಿಗೆ ಹಳ್ಳಿಗೆ ಹೋಗಲು ವಾಹನವಿದೆಯೇ ಎಂದು ಜಿಲ್ಲಾ ಆರೋಗ್ಯಾಧಿಕಾರಿಯನ್ನು ಒಮ್ಮೆ ಕೇಳಿ ನೋಡಿ.